ಕೇಬಲ್ ಬಿಟ್ಟು ನೆಟ್ ಟಿವಿಗೆ ಹೋಗುವ ಮುಂಚೆ

ಕಳೆದ ಮಳೆಗಾಲ, ಸಂಜೆ ಏಳೂವರೆ. ಹಾಸನದಲ್ಲಿ ಮೂರು ದಿನದಿಂದ ಜಡಿಮಳೆ. ಧಾರಾವಾಹಿಯಲ್ಲಿ ಸೊಸೆ ಬಾಗಿಲು ತೆರೆಯುತ್ತಿದ್ದಾಳೆ, ಒಳಗೆ ಯಾರಿದ್ದಾರೆ ಅಂತ ಗೊತ್ತಾಗಬೇಕು. ಅಷ್ಟರಲ್ಲಿ ಅವಳ ಮುಖ ಚೌಕ ಚೌಕವಾಗಿ ಒಡೆದು ನಿಂತುಬಿಟ್ಟಿತು. ಆಮೇಲೆ 'ನೋ ಸಿಗ್ನಲ್'. ಅಮ್ಮ ರಿಮೋಟ್ ಕೆಳಗಿಟ್ಟು ನನ್ನ ಕಡೆ ನೋಡಿದರು, ಒಡೆದದ್ದು ನಾನೇ ಅನ್ನುವ ಹಾಗೆ. ಕೇಬಲ್‌ನವರಿಗೆ ಫೋನ್ ಮಾಡಿದರೆ "ಮಳೆ ನಿಲ್ಲಲಿ ಸಾರ್, ಹುಡುಗನ್ನ ಕಳಿಸ್ತೀನಿ" ಅಂದರು. ಮಳೆ ನಿಂತದ್ದು ನಾಲ್ಕು ದಿನ ಬಿಟ್ಟು.

ಮುಂದಿನ ತಿಂಗಳು ನಾವು ನೆಟ್ ಟಿವಿಗೆ, ಅಂದರೆ ಇಂಟರ್ನೆಟ್ ಮೂಲಕ ಬರುವ ಟಿವಿಗೆ ಬಂದೆವು. ಈಗ ನಮ್ಮ ಬೀದಿಯಲ್ಲಿ ಒಬ್ಬರಾದ ಮೇಲೆ ಒಬ್ಬರು ಕೇಳುತ್ತಿದ್ದಾರೆ. ಛತ್ರಿ (ತಾರಸಿ ಮೇಲಿನ ಡಿಶ್) ಬೇಡ್ವಾ? ಚಾನೆಲ್ ಎಲ್ಲಾ ಬರುತ್ತಾ? ಮೊಬೈಲ್ ನೆಟ್ ಸಾಲಲ್ವಾ? ಕರೆಂಟ್ ಹೋದ್ರೆ ಏನ್ಮಾಡ್ತೀರಾ? ಗೇಟಿನ ಹತ್ತಿರ ನಿಂತು ಹೇಳಿ ಹೇಳಿ ಸಾಕಾಗಿ, ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೆಟ್‌ಗೆ ಬಂದರೆ ತಾಪತ್ರಯ ಮುಗಿಯುವುದಿಲ್ಲ, ಜಾಗ ಬದಲಾಯಿಸುತ್ತದೆ. ಕೇಬಲ್ ಇದ್ದಾಗ ಅದೆಲ್ಲ ಕೇಬಲ್‌ನವರ ತಲೆಮೇಲಿತ್ತು, ನಮ್ಮ ಕೆಲಸ ಫೋನ್ ಮಾಡಿ ಬೈಯುವುದು ಅಷ್ಟೇ. ಈಗ ಅರ್ಧ ತಾಪತ್ರಯ ನಮ್ಮ ಮನೆಯೊಳಗೇ ಬಂದು ಕೂತಿದೆ. ಹಾಗಾಗಿ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪವಾದರೂ ಗೊತ್ತಿರಬೇಕು.

ಚಿತ್ರ ಮನೆಗೆ ಬರುವ ದಾರಿ

ಕೇಬಲ್‌ನಿಂದಲೇ ಶುರು ಮಾಡೋಣ. ಊರಿನಲ್ಲೊಂದು ಕಂಟ್ರೋಲ್ ರೂಮ್ ಇರುತ್ತದೆ. ಅಲ್ಲಿಗೆ ಚಾನೆಲ್‌ಗಳು ದೊಡ್ಡ ಡಿಶ್ ಮೂಲಕವೋ, ಬೇರೆ ಊರಿನಿಂದ ಫೈಬರ್ ಮೂಲಕವೋ ಬರುತ್ತವೆ. ಅಲ್ಲಿಂದ ಕಂಬದಿಂದ ಕಂಬಕ್ಕೆ ಎಳೆದುಕೊಂಡು ಬಂದು ಕೊನೆಗೆ ಕಪ್ಪು ವೈರ್ ನಮ್ಮ ಗೋಡೆ ಮುಟ್ಟುತ್ತದೆ. ವೈರ್‌ನಲ್ಲಿ ದೂರ ಹೋದಷ್ಟೂ ಸಿಗ್ನಲ್ ಸೊರಗುತ್ತದೆ, ಅದಕ್ಕೆ ಅಲ್ಲಲ್ಲಿ ಆಂಪ್ಲಿಫೈಯರ್ ಡಬ್ಬಿ ಕೂರಿಸಿ ಮತ್ತೆ ಜೋರು ಮಾಡುತ್ತಾರೆ. ಆ ಡಬ್ಬಿಗೂ ಕರೆಂಟ್ ಬೇಕು. ಮನೆಯಲ್ಲಿ ಯುಪಿಎಸ್ ಓಡುತ್ತಿದ್ದರೂ ಒಮ್ಮೊಮ್ಮೆ ಟಿವಿ ಮಾತ್ರ ಬರುವುದಿಲ್ಲ ಅಲ್ವಾ? ಪಕ್ಕದ ಬೀದಿಯಲ್ಲಿ ಡಬ್ಬಿಗೆ ಕರೆಂಟ್ ಹೋಗಿರುತ್ತದೆ.

ಇನ್ನೊಂದು ಶತ್ರು ನೀರು. ನಾಲ್ಕು ದಿನ ಬಿಟ್ಟು ಬಂದ ಹುಡುಗ ನಮ್ಮ ಸಜ್ಜಾ ಹತ್ತಿ ಜಾಯಿಂಟ್ ಬಿಚ್ಚಿದ. ಒಳಗಿಂದ ಅರ್ಧ ಚಮಚದಷ್ಟು ನೀರು ಸುರಿಯಿತು. ನಡುವಿನ ತಂತಿಯ ತುದಿ ಹಸಿರು ತಿರುಗಿತ್ತು, ಹಳೇ ತಾಮ್ರದ ಚೊಂಬಿನ ಕಂಠ ಇರುತ್ತದಲ್ಲ, ಹಾಗೆ. ಹಲ್ಲಿನಲ್ಲೇ ವೈರ್ ಸುಲಿದು, ತುದಿ ಕತ್ತರಿಸಿ, ಹೊಸ ಪಿನ್ ಹಾಕಿದ. ಎರಡು ನಿಮಿಷದ ಕೆಲಸ.

ಚೌಕ ಚೌಕ ಯಾಕೆ ಬರುತ್ತದೆ ಅಂದರೆ, ಈಗಿನ ಸಿಗ್ನಲ್ ಪೂರ್ತಿ ಡಿಜಿಟಲ್. 2011ರಲ್ಲಿ ಕೇಬಲ್ ಕಾಯ್ದೆ ತಿದ್ದುಪಡಿಯಾಗಿ ನಾಲ್ಕು ಹಂತದಲ್ಲಿ ದೇಶವೆಲ್ಲ ಸೆಟ್‌ಟಾಪ್ ಬಾಕ್ಸ್‌ಗೆ ಬಂತು. ಅದಕ್ಕೂ ಮುಂಚಿನ ಸಿಗ್ನಲ್ ಕೆಟ್ಟರೆ ಪರದೆ ಮೇಲೆ ಇರುವೆ ಹರಿದಂತೆ ಕಾಣುತ್ತಿತ್ತು, ಆದರೂ ಕಥೆ ಮುಂದೆ ಹೋಗುತ್ತಿತ್ತು. ಡಿಜಿಟಲ್‌ನಲ್ಲಿ ಚಿತ್ರವನ್ನು ಸಣ್ಣ ಚೌಕಗಳಾಗಿ ಮಾಡಿ, ಲೆಕ್ಕವಾಗಿ ಕಳಿಸುತ್ತಾರೆ. ಲೆಕ್ಕ ಸ್ವಲ್ಪ ತಪ್ಪಿದರೆ ಬಾಕ್ಸ್ ಸರಿಪಡಿಸಿಕೊಳ್ಳುತ್ತದೆ, ಜಾಸ್ತಿ ತಪ್ಪಿದರೆ ಕೈಚೆಲ್ಲುತ್ತದೆ. ಅರ್ಧಂಬರ್ಧ ಅನ್ನುವುದು ಇಲ್ಲಿ ಕಡಿಮೆ.

ಎರಡನೆಯದು ಛತ್ರಿ, ಅಂದರೆ ಡಿಟಿಎಚ್. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲೆ ಇರುವ ಉಪಗ್ರಹದಿಂದ ನೇರವಾಗಿ ನಮ್ಮ ತಾರಸಿಗೆ. ಈ ಎತ್ತರದಲ್ಲಿ ಉಪಗ್ರಹ ಭೂಮಿಯ ಜೊತೆಗೇ ಸುತ್ತುವುದರಿಂದ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಇರುತ್ತದೆ, ಛತ್ರಿ ತಿರುಗಿಸುತ್ತಾ ಕೂರಬೇಕಾಗಿಲ್ಲ. ಹೀಗೆ ನಿಂತ ನಮ್ಮ ದೇಶದ ಉಪಗ್ರಹಗಳನ್ನು ಅಲುಗಾಡದಂತೆ ನೋಡಿಕೊಳ್ಳುವವರು ಯಾರು ಗೊತ್ತಾ? ನಮ್ಮ ಸಾಲಗಾಮೆ ರಸ್ತೆಯ ಎಂಸಿಎಫ್‌ನವರು. ಇಸ್ರೋದ ಈ ಕೇಂದ್ರ 1982ರಲ್ಲಿ ಶುರುವಾಯಿತು. ದೂರದರ್ಶನದ ಉಚಿತ ಡಿಶ್ ಬರುವ ಜಿಸ್ಯಾಟ್-15 ಕೂಡ ಇಲ್ಲಿಂದಲೇ ನಿಯಂತ್ರಣವಾಗುವ ಉಪಗ್ರಹ. ಊರಿನವರಾಗಿ ಇಷ್ಟು ಜಂಬ ಇರಲಿ ಬಿಡಿ.

ಛತ್ರಿಗೂ ಮಳೆಗೂ ಆಗಿಬರುವುದಿಲ್ಲ. ಡಿಟಿಎಚ್ ಬಳಸುವ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಇಷ್ಟು ಚಿಕ್ಕ ಅಲೆ ದಪ್ಪ ಹನಿಗಳ ನಡುವೆ ನುಗ್ಗಿ ಬರುವಾಗ ಬಹಳಷ್ಟು ಶಕ್ತಿ ಅಲ್ಲೇ ಕಳೆದುಕೊಳ್ಳುತ್ತದೆ. ಕೇಬಲ್‌ನವರ ದೊಡ್ಡ ಡಿಶ್‌ಗೆ ಬರುವ ಅಲೆ ಇದಕ್ಕಿಂತ ಮೂರು ಪಟ್ಟು ಉದ್ದ, ಅದಕ್ಕೆ ಮಳೆಯ ಲೆಕ್ಕವೇ ಇಲ್ಲ. ಇನ್ನೊಂದು ವಿಚಿತ್ರ ಇದೆ. ಮಾರ್ಚ್‌ನಲ್ಲಿ, ಮತ್ತೆ ಸೆಪ್ಟೆಂಬರ್ ಕೊನೆ ಅಕ್ಟೋಬರ್ ಹೊತ್ತಿಗೆ, ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ. ಆಗ ಚೆನ್ನಾಗಿ ಬಿಸಿಲಿದ್ದರೂ ಕೆಲವು ನಿಮಿಷ ಚಾನೆಲ್ ಹೋಗುತ್ತದೆ. ಸುಮ್ನೆ ಕಾಯಿರಿ, ಬರುತ್ತದೆ.

ಮೂರನೆಯದು ನೆಟ್. ಪಟ್ಟಣದಲ್ಲಿ ಇದು ಸಾಮಾನ್ಯವಾಗಿ ಫೈಬರ್. ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯೊಳಗೆ ಬೆಳಕು ಮಿನುಗುತ್ತಾ ಓಡುತ್ತದೆ, ಆ ಮಿನುಗೇ ಮಾಹಿತಿ. ಗಾಜಿಗೆ ತುಕ್ಕಿಲ್ಲ, ಸಿಡಿಲಿನ ಕರೆಂಟ್ ಅದರಲ್ಲಿ ಹರಿಯುವುದಿಲ್ಲ. ಕಂಪನಿಯ ಕಡೆಯ ಯಂತ್ರದಿಂದ ನಮ್ಮ ಮನೆವರೆಗೆ ಸುಮಾರು 20 ಕಿಲೋಮೀಟರ್ ತನಕ ನಡುವೆ ಎಲ್ಲೂ ಕರೆಂಟ್ ಬೇಡ. ಒಂದು ಎಳೆಯನ್ನು 32 ಅಥವಾ 64 ಮನೆಗೆ ಹಂಚುವ ಡಬ್ಬಿ ಕಂಬದ ಮೇಲಿರುತ್ತದೆ, ಅದಕ್ಕೂ ಬೇಡ. ಹಾಗಾಗಿ ಬೀದಿಯ ಕರೆಂಟ್ ಹೋದರೂ ಅವರ ಕಡೆ ಬ್ಯಾಟರಿ, ನಮ್ಮ ಕಡೆ ಯುಪಿಎಸ್ ಇದ್ದರೆ ಟಿವಿ ನಡೆಯುತ್ತದೆ. ನನಗೆ ಕೇಬಲ್‌ಗಿಂತ ಇದು ಮೇಲು ಅನ್ನಿಸಿದ್ದು ಮುಖ್ಯವಾಗಿ ಈ ಒಂದು ಕಾರಣಕ್ಕೆ.

ಕಾಲುವೆ ನೀರು, ಬಿಂದಿಗೆ ನೀರು

ಕೇಬಲ್, ಛತ್ರಿ ಎರಡೂ ಗೊರೂರು ಡ್ಯಾಮಿನ ಕಾಲುವೆ ಇದ್ದ ಹಾಗೆ. ನೀರು ಹರಿಯುತ್ತಲೇ ಇರುತ್ತದೆ. ನಿಮ್ಮ ಗದ್ದೆಗೆ ತೂಬು ತೆಗೆದರೆ ಬರುತ್ತದೆ, ಮುಚ್ಚಿದರೆ ಮುಂದೆ ಹೋಗುತ್ತದೆ. ಹತ್ತು ಜನ ತಗೊಂಡರೂ ಸಾವಿರ ಜನ ತಗೊಂಡರೂ ಚಾನೆಲ್ ಅದೇ, ಹೊತ್ತೂ ಅದೇ. ಏಳೂವರೆಗೆ ತಪ್ಪಿಸಿಕೊಂಡರೆ ಆ ನೀರು ಹೋಯಿತು.

ನೆಟ್ ಟಿವಿಯಲ್ಲಿ ಹಾಗಿಲ್ಲ. ನೀವು ಕೇಳಿದ ಮೇಲೆ ನಿಮಗೆ ಅಂತಲೇ ಒಬ್ಬ ಬಿಂದಿಗೆ ತುಂಬಿಕೊಂಡು ಹೊರಡುತ್ತಾನೆ. ಪಕ್ಕದ ಮನೆಯವರು ಅದೇ ಧಾರಾವಾಹಿ ನೋಡುತ್ತಿದ್ದರೂ ಅವರಿಗೆ ಬೇರೆ ಬಿಂದಿಗೆ, ಬೇರೆ ಆಳು. ಇದರಿಂದ ಅನುಕೂಲ ಏನಂದರೆ ರಾತ್ರಿ ಹನ್ನೊಂದಕ್ಕೆ ಕೇಳಿದರೂ ತರುತ್ತಾನೆ, ನಡುವೆ ನಿಲ್ಲಿಸಿ ಊಟ ಮಾಡಿ ಬಂದರೂ ಕಾಯುತ್ತಾನೆ. ಅನನುಕೂಲ, ಎಲ್ಲರೂ ಒಂದೇ ಸಲ ಕೇಳಿದರೆ ದಾರಿ ಕಟ್ಟಿಕೊಳ್ಳುತ್ತದೆ. ಸಂಜೆ ಏಳರಿಂದ ಹತ್ತರವರೆಗೆ ನೆಟ್ ನಿಧಾನ ಅನ್ನಿಸುವುದು ಅದಕ್ಕೇ. ಒಂದೇ ಎಳೆಯನ್ನು ಹಂಚಿಕೊಂಡ ಮನೆಗಳೆಲ್ಲ ಒಟ್ಟಿಗೆ ಕೂತಿರುತ್ತವೆ, ಕಂಪನಿಯವರು ಬೆಂಗಳೂರಿನ ಕಡೆಗೆ ಇಟ್ಟುಕೊಂಡ ದಾರಿಯೂ ಆ ಹೊತ್ತಿಗೆ ತುಂಬಿರುತ್ತದೆ.

ಬಿಂದಿಗೆ ಭಾರ ಕಡಿಮೆ ಮಾಡಲು ಒಂದು ಜಾಣತನ ಇದೆ. ಎಚ್‌ಡಿ ಚಿತ್ರವನ್ನು ಇದ್ದ ಹಾಗೇ ಕಳಿಸಿದರೆ ಒಂದೊಂದು ಸೆಕೆಂಡಿಗೂ 150 ಎಂಬಿ ದಾಟುತ್ತದೆ, ಯಾವ ಮನೆ ನೆಟ್ಟೂ ತಡೆಯುವುದಿಲ್ಲ. ಅದಕ್ಕೆ ಒಂದು ಪೂರ್ತಿ ಚಿತ್ರ ಕಳಿಸಿ, ಆಮೇಲೆ ಬದಲಾದ ಭಾಗವನ್ನಷ್ಟೇ ಕಳಿಸುತ್ತಾರೆ. ವಾರ್ತೆ ಓದುವವರ ತುಟಿ ಮಾತ್ರ ಅಲ್ಲಾಡುತ್ತದೆ, ಹಿಂದಿನ ಗೋಡೆ ಅಲ್ಲೇ ಇರುತ್ತದೆ, ಮತ್ತೆ ಮತ್ತೆ ಗೋಡೆ ಯಾಕೆ ಕಳಿಸಬೇಕು? ಕ್ರಿಕೆಟ್‌ನಲ್ಲಿ ಬಾಲ್ ಹೊಡೆದ ತಕ್ಷಣ ಇಡೀ ಮೈದಾನ ಓಡುತ್ತದೆ, ಎಲ್ಲವೂ ಬದಲಾಗುತ್ತದೆ. ಒಂದೇ ನೆಟ್‌ನಲ್ಲಿ ವಾರ್ತೆ ಸ್ಪಷ್ಟವಾಗಿದ್ದು ಮ್ಯಾಚ್ ಮಸುಕಾಗುವುದು ಹೀಗೆ.

ಆ ರೌಂಡ್ ಯಾಕೆ ಸುತ್ತುತ್ತದೆ?

ಮನೆ ಮೇಲೆ ನೀರಿನ ಟ್ಯಾಂಕ್ ಇದೆಯಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಬೀದಿ ನಲ್ಲಿಯಲ್ಲಿ ನೀರು ದಿನಾ ಬರುವುದಿಲ್ಲ, ಬಂದರೂ ಒಮ್ಮೆ ಜೋರು ಒಮ್ಮೆ ಸಣ್ಣಗೆ. ಆದರೆ ಬಚ್ಚಲಿನ ನಲ್ಲಿ ಒಂದೇ ಸಮ ಬರುತ್ತದೆ, ನಡುವೆ ಟ್ಯಾಂಕ್ ಇರುವುದರಿಂದ. ನೆಟ್ ಟಿವಿಯಲ್ಲೂ ಹಾಗೇ ಒಂದು ಟ್ಯಾಂಕ್ ಇದೆ, ಅದರ ಹೆಸರು ಬಫರ್. ಆ್ಯಪ್ ಮುಂದಿನ ಕೆಲವು ಸೆಕೆಂಡಿನ ಚಿತ್ರವನ್ನು ಮೊದಲೇ ತಂದು ತುಂಬಿಟ್ಟುಕೊಂಡಿರುತ್ತದೆ. ನೆಟ್ ಅರೆಕ್ಷಣ ತಡವರಿಸಿದರೂ ನಮಗೆ ಗೊತ್ತಾಗುವುದಿಲ್ಲ. ತುಂಬುವುದಕ್ಕಿಂತ ಖಾಲಿಯಾಗುವುದು ಜಾಸ್ತಿಯಾದರೆ ಟ್ಯಾಂಕ್ ಬರಿದಾಗುತ್ತದೆ, ನಲ್ಲಿ ಬುಸ್ ಅನ್ನುತ್ತದೆ. ಪರದೆ ಮೇಲೆ ಸುತ್ತುವ ರೌಂಡ್ ಅದೇ ಬುಸ್.

ಅಲ್ಲಿಗೆ ಹೋಗುವ ಮುಂಚೆ ಆ್ಯಪ್ ಇನ್ನೊಂದು ಉಪಾಯ ಮಾಡುತ್ತದೆ. ಒಂದೇ ಸಿನಿಮಾವನ್ನು ನಾಲ್ಕೈದು ದರ್ಜೆಯಲ್ಲಿ ಮಾಡಿಟ್ಟು, ಪ್ರತಿ ದರ್ಜೆಯನ್ನೂ ಕೆಲವೇ ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ ಇಟ್ಟಿರುತ್ತಾರೆ. ನೆಟ್ ಚೆನ್ನಾಗಿದ್ದರೆ ಮುಂದಿನ ತುಂಡು ಒಳ್ಳೇ ದರ್ಜೆಯದು, ಸೊರಗಿದರೆ ಕೆಳಗಿನದು. ಸೀನ್ ನಡುವೆ ಮುಖ ಒಮ್ಮೆ ಮಸುಕಾಗಿ ಮತ್ತೆ ತಿಳಿಯಾದರೆ ಟಿವಿ ಕೆಟ್ಟಿಲ್ಲ, ದರ್ಜೆ ಇಳಿದು ಹತ್ತಿದೆ.

ಅಕ್ಕನ ಮನೆಯಲ್ಲಿ ಮೊದಲು, ನಮ್ಮ ಮನೆಯಲ್ಲಿ ಆಮೇಲೆ

ಅಕ್ಕನ ಮನೆ ಮೂಡಿಗೆರೆ ಹತ್ತಿರ, ತೋಟದ ಮನೆ. ಅಲ್ಲಿ ಛತ್ರಿ. ಅಮ್ಮನೂ ಅಕ್ಕನೂ ಫೋನ್ ಸ್ಪೀಕರಿನಲ್ಲಿಟ್ಟು ಒಂದೇ ಧಾರಾವಾಹಿ ಒಟ್ಟಿಗೆ ನೋಡುವ ಅಭ್ಯಾಸ. ನಮ್ಮ ಮನೆಗೆ ನೆಟ್ ಟಿವಿ ಬಂದ ಮೊದಲ ವಾರ ಇದೇ ದೊಡ್ಡ ಜಗಳ. ಇಲ್ಲಿ ಅತ್ತೆ ಇನ್ನೂ ಕಾಫಿ ಲೋಟ ಎತ್ತುತ್ತಿದ್ದಾಳೆ, ಅಲ್ಲಿಂದ ಅಕ್ಕ "ಅಯ್ಯೋ ಬಿದ್ಲಲ್ಲಮ್ಮಾ" ಅನ್ನುತ್ತಾಳೆ. ಅರ್ಧ ನಿಮಿಷ ಬಿಟ್ಟು ಇಲ್ಲಿ ಬೀಳುತ್ತಾಳೆ. "ನೀನೇನ್ ಹೇಳ್ಬೇಡ ಸುಮ್ನಿರೇ" ಅಂತ ಅಮ್ಮ ಫೋನ್ ಇಟ್ಟೇಬಿಟ್ಟರು.

ಉಪಗ್ರಹ ಅಷ್ಟು ದೂರ ಇದೆ, ಅದೇ ತಡ ಆಗಬೇಕಿತ್ತಲ್ವಾ? ಲೆಕ್ಕ ಹಾಕಿ ನೋಡಿ. ಮೇಲೆ 36,000, ಕೆಳಗೆ 36,000, ಒಟ್ಟು 72,000 ಕಿಲೋಮೀಟರ್. ಅಲೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ಕಾಲು ಸೆಕೆಂಡ್. ನೆಟ್‌ನಲ್ಲಿ ತಡ ಆಗುವುದು ದೂರಕ್ಕಲ್ಲ, ತುಂಡು ಮಾಡಿ, ದರ್ಜೆ ಮಾಡಿ, ಟ್ಯಾಂಕ್ ತುಂಬಿಸುವುದಕ್ಕೆ. ನೇರ ಪ್ರಸಾರದಲ್ಲಿ 20 ರಿಂದ 40 ಸೆಕೆಂಡ್ ಹಿಂದೆ ಬೀಳುವುದು ಮಾಮೂಲು. ಮ್ಯಾಚ್ ಇದ್ದ ದಿನ ಪಕ್ಕದ ಮನೆಯ ಕೂಗಿನಿಂದಲೇ ವಿಕೆಟ್ ಬಿತ್ತು ಅಂತ ಗೊತ್ತಾಗುತ್ತದೆ. ಇದಕ್ಕೆ ಮನೆಯಲ್ಲಿ ಕೂತು ಮಾಡುವ ಮದ್ದೇನೂ ಇಲ್ಲ. ಅಮ್ಮ ಈಗ ಧಾರಾವಾಹಿ ಮುಗಿದ ಮೇಲೆ ಫೋನ್ ಮಾಡುತ್ತಾರೆ.

ಎಷ್ಟು ಸ್ಪೀಡ್ ಸಾಕು?

ಅಂಗಡಿಯವರು 100, 200 ಅಂತ ಹೇಳಿ ಹೆದರಿಸುತ್ತಾರೆ. ನಿಜವಾಗಿ ಒಂದು ಟಿವಿಯಲ್ಲಿ ಎಚ್‌ಡಿ ನೋಡಲು 5 ಎಂಬಿಪಿಎಸ್ ಸಾಕು, ಎಚ್‌ಡಿಗಿಂತಲೂ ಸ್ಪಷ್ಟವಾದ 4ಕೆ ಅಂದರೆ 15 ಬೇಕು. ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅಂತ. ಬಿಟ್ ಬೇರೆ, ಬೈಟ್ ಬೇರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. 40 ಎಂಬಿಪಿಎಸ್ ಪ್ಲಾನ್ ಹಾಕಿಸಿಕೊಂಡು ಡೌನ್‌ಲೋಡ್ ಮಾಡಿದಾಗ ಸೆಕೆಂಡಿಗೆ 5 ಎಂಬಿ ಮಾತ್ರ ತೋರಿಸಿದರೆ ಯಾರೂ ಮೋಸ ಮಾಡಿಲ್ಲ, ಲೆಕ್ಕ ಸರಿಯಿದೆ.

ಮಗ ಆನ್‌ಲೈನ್ ಪಾಠ, ನೀವು ಮೊಬೈಲ್, ಹಾಲಿನಲ್ಲಿ ಟಿವಿ, ಎಲ್ಲ ಸೇರಿದರೂ 30 ಅಥವಾ 40ರ ಪ್ಲಾನ್ ಸಾಮಾನ್ಯ ಮನೆಗೆ ಸಾಕು. ನೆಟ್ ನಿಂತು ನಿಂತು ಬಂದರೆ 200 ತಗೊಂಡರೂ ಅದು ನಿಂತು ನಿಂತೇ ಬರುತ್ತದೆ.

ಮೊಬೈಲ್ ಹಾಟ್‌ಸ್ಪಾಟ್ ಹಾಕಿ ನೋಡಿದರೆ? ಎಚ್‌ಡಿ ಗಂಟೆಗೆ ಸುಮಾರು 3 ಜಿಬಿ ತಿನ್ನುತ್ತದೆ. ದಿನಕ್ಕೆ 2 ಜಿಬಿ ರೀಚಾರ್ಜ್ ಇದ್ದರೆ ನಲವತ್ತು ನಿಮಿಷಕ್ಕೆ ಖಾಲಿ. ಚಿತ್ರದ ದರ್ಜೆ ಇಳಿಸಿಕೊಂಡರೆ ಗಂಟೆಗೆ 1 ಜಿಬಿಯಲ್ಲಿ ಮುಗಿಯುತ್ತದೆ, ಒಂದೆರಡು ಧಾರಾವಾಹಿಗೆ ಪರವಾಗಿಲ್ಲ. ದಿನಾ ಐದು ಗಂಟೆ ಎಚ್‌ಡಿ ಓಡುವ ಮನೆಗೆ ತಿಂಗಳಿಗೆ 450 ಜಿಬಿ ಬೇಕು, ಅದು ಫೈಬರ್‌ನ ಕೆಲಸ.

ಹಾಗಾದರೆ ಚಾನೆಲ್ ಎಲ್ಲಿ ಹೋಯಿತು?

ಎಲ್ಲರೂ ಎಡವುವುದು ಇಲ್ಲೇ. ನೆಟ್ ಹಾಕಿಸಿದರೆ ಚಾನೆಲ್ ತಾನಾಗೇ ಬರುವುದಿಲ್ಲ. ನೆಟ್ ಬರೀ ರಸ್ತೆ. ಅದರ ಮೇಲೆ ಎರಡು ಥರದ ಗಾಡಿ ಓಡುತ್ತದೆ.

ಒಂದು ಓಟಿಟಿ, ಅಂದರೆ ಕಂಪನಿ ಕಂಪನಿಗೆ ಬೇರೆ ಬೇರೆ ಆ್ಯಪ್. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣದ ಧಾರಾವಾಹಿ ಜಿಯೋಹಾಟ್‌ಸ್ಟಾರ್‌ನಲ್ಲಿ. 2025ರ ಫೆಬ್ರವರಿಯಲ್ಲಿ ಎರಡು ಆ್ಯಪ್ ಸೇರಿ ಆದದ್ದು ಅದು. ಜೀ ಕನ್ನಡದವು ಜೀ5ನಲ್ಲಿ, ಉದಯದವು ಸನ್ ನೆಕ್ಸ್ಟ್‌ನಲ್ಲಿ. ಕನ್ನಡ ವಾರ್ತಾ ಚಾನೆಲ್‌ಗಳು ಬಹಳಷ್ಟು ಯೂಟ್ಯೂಬ್‌ನಲ್ಲೇ ನೇರವಾಗಿ, ಪುಕ್ಕಟೆ ಸಿಗುತ್ತವೆ. ಪ್ರಸಾರ ಭಾರತಿಯವರು 2024ರ ನವೆಂಬರ್‌ನಲ್ಲಿ ವೇವ್ಸ್ ಅಂತ ತಮ್ಮದೇ ಆ್ಯಪ್ ತಂದರು, ದೂರದರ್ಶನದ ಚಾನೆಲ್‌ಗಳು ಅದರಲ್ಲಿವೆ.

ಇನ್ನೊಂದು ಐಪಿಟಿವಿ. ನೆಟ್ ಕೊಡುವ ಕಂಪನಿಯೇ ತನ್ನ ವೈರಿನಲ್ಲಿ ಚಾನೆಲ್‌ಗಳನ್ನೂ ಕಳಿಸುತ್ತದೆ. ನೋಡಲು ಥೇಟ್ ಕೇಬಲ್. ಚಾನೆಲ್ ನಂಬರ್ ಇರುತ್ತದೆ, ಮೇಲೆ ಕೆಳಗೆ ಒತ್ತಿದರೆ ಬದಲಾಗುತ್ತದೆ. ಬಿಎಸ್‌ಎನ್‌ಎಲ್ ಕೂಡ ಫೈಬರ್ ಗ್ರಾಹಕರಿಗೆ ಇಂಥದ್ದು ಶುರು ಮಾಡಿದೆ. ಊರಿನ ಕೇಬಲ್‌ನವರೇ ಈಗ ನೆಟ್ ಕೊಡುವುದುಂಟು, ಹೊಸ ಕಂಪನಿ ಹುಡುಕುವ ಮುಂಚೆ ಅವರನ್ನೊಮ್ಮೆ ಕೇಳಿ. ವಯಸ್ಸಾದವರು ಇರುವ ಮನೆಗೆ ನನ್ನ ಪ್ರಕಾರ ಐಪಿಟಿವಿಯೇ ವಾಸಿ. ಆ್ಯಪ್ ತೆರೆದು, ಹೆಸರು ಹುಡುಕಿ, ಕಂತು ಆರಿಸುವುದು ನಮಗೆ ಸಲೀಸು, ಅಮ್ಮನಿಗೆ ಅದು ಬ್ಯಾಂಕಿನ ಫಾರಂ ತುಂಬಿಸಿದಷ್ಟು ಕಷ್ಟ.

'ಒಂದು ಸಲ ದುಡ್ಡು ಕೊಡಿ, ಜೀವನಪೂರ್ತಿ ಎಲ್ಲಾ ಚಾನೆಲ್' ಅಂತ ಮಾರುವ ಬಾಕ್ಸ್‌ಗಳ ತಂಟೆಗೆ ಹೋಗಬೇಡಿ. ಅದು ಕದ್ದ ಪ್ರಸಾರ, ಯಾವತ್ತು ಬೇಕಾದರೂ ನಿಲ್ಲುತ್ತದೆ, ಕೇಳಲು ಅಂಗಡಿಯೂ ಇರುವುದಿಲ್ಲ.

ದುಡ್ಡಿನ ಲೆಕ್ಕ

ಕೇಬಲ್ ಬಿಲ್‌ನಲ್ಲಿ ಎರಡು ಭಾಗ. ಒಂದು ಜಾಲದ ಬಾಡಿಗೆ, ಇನ್ನೊಂದು ಚಾನೆಲ್‌ನ ಬೆಲೆ. 2019ರ ಫೆಬ್ರವರಿಯಿಂದ, ಟಿವಿ ಟೆಲಿಕಾಂ ನೋಡಿಕೊಳ್ಳುವ ಸರ್ಕಾರಿ ನಿಯಂತ್ರಕ ಸಂಸ್ಥೆ ಟ್ರಾಯ್‌ನ ನಿಯಮದ ಪ್ರಕಾರ ಮೊದಲ 100 ಚಾನೆಲ್‌ಗೆ ಬಾಡಿಗೆ 130 ರೂಪಾಯಿ ದಾಟುವಂತಿರಲಿಲ್ಲ. ಶೇ 18 ಜಿಎಸ್‌ಟಿ ಸೇರಿದರೆ 153 ರೂಪಾಯಿ 40 ಪೈಸೆ. ಆಮೇಲೆ ಅದೇ ದುಡ್ಡಿಗೆ 200 ಚಾನೆಲ್ ಅಂತಾಯಿತು. 2024ರ ಜುಲೈನಲ್ಲಿ ಈ ಮಿತಿಯನ್ನೇ ತೆಗೆದರು, ಈಗ ಬಾಡಿಗೆ ಎಷ್ಟು ಅನ್ನುವುದು ಕೇಬಲ್ ಅಥವಾ ಡಿಟಿಎಚ್ ಕಂಪನಿಗೆ ಬಿಟ್ಟದ್ದು. ಚಾನೆಲ್‌ಗಳ ಬೆಲೆ ಬೇರೆ.

ನೆಟ್ ಕಡೆ, 399 ಅಂತ ದೊಡ್ಡದಾಗಿ ಬರೆದಿದ್ದರೆ ಕೈಯಿಂದ ಹೋಗುವುದು 471, ಅದೇ ಜಿಎಸ್‌ಟಿ. ಅದರ ಮೇಲೆ ಆ್ಯಪ್‌ಗಳ ಚಂದಾ. ಒಂದೊಂದೂ ಕಡಿಮೆ ಅನ್ನಿಸುತ್ತದೆ, ಮೂರು ಸೇರಿದರೆ ಗೊತ್ತಾಗುತ್ತದೆ. ಮನೆಯಲ್ಲಿ ನೆಟ್ ಈಗಾಗಲೇ ಇದ್ದು, ಅದರ ಪಕ್ಕದಲ್ಲೇ ಕೇಬಲ್‌ಗೂ ಕಟ್ಟುತ್ತಿದ್ದರೆ ಕೇಬಲ್ ಬಿಟ್ಟರೆ ಉಳಿತಾಯ. ಟಿವಿಗೋಸ್ಕರವೇ ಹೊಸದಾಗಿ ನೆಟ್ ಹಾಕಿಸುತ್ತೀರಿ ಅಂದರೆ ಖರ್ಚು ಜಾಸ್ತಿಯೇ. ದುಡ್ಡೇ ಮುಖ್ಯ ಅನ್ನುವವರಿಗೆ ಡಿಡಿ ಫ್ರೀ ಡಿಶ್ ಇದೆ, ಒಂದು ಸಲ ಛತ್ರಿ ಬಾಕ್ಸ್ ತಗೊಂಡರೆ ತಿಂಗಳ ಬಾಡಿಗೆ ಇಲ್ಲ. ನಿಮಗೆ ಬೇಕಾದ ಕನ್ನಡ ಚಾನೆಲ್ ಅದರಲ್ಲಿ ಬರುತ್ತದಾ ಅಂತ ಮೊದಲು ನೋಡಿಕೊಳ್ಳಿ.

ಮನೆಯೊಳಗಿನ ಕಿರಿಕಿರಿ

ನೆಟ್ ಟಿವಿ ಕೆಟ್ಟಿತು ಅಂತ ಬರುವ ದೂರುಗಳಲ್ಲಿ ನಾನು ನೋಡಿದ ಮಟ್ಟಿಗೆ ಹೆಚ್ಚಿನವು ವೈಫೈ ದೂರುಗಳು. ವೈಫೈ ಹರಡುವ ಡಬ್ಬಿ, ಅಂದರೆ ರೌಟರ್, ನೋಡಲು ಚೆನ್ನಾಗಿ ಕಾಣುವುದಿಲ್ಲ ಅಂತ ಟಿವಿ ಸ್ಟ್ಯಾಂಡ್‌ನ ಹಿಂದೆ ತುರುಕುತ್ತೇವೆ. ನಮ್ಮ ಮನೆಯಲ್ಲಿ ಅದು ಕಬ್ಬಿಣದ ಬೀರುವಿನ ಮೇಲೆ, ಮದುವೆ ಆಲ್ಬಂಗಳ ಹಿಂದೆ ಇತ್ತು. ಲೋಹ ಅಲೆಯನ್ನು ತಡೆಯುತ್ತದೆ, ದಪ್ಪ ಗೋಡೆ ನುಂಗುತ್ತದೆ. ಬಿಚ್ಚಿ ಗೋಡೆಗೆ ತಲೆಮಟ್ಟದಲ್ಲಿ ಹೊಡೆದ ಮೇಲೆ ಅರ್ಧ ತೊಂದರೆ ಹೋಯಿತು.

ರೌಟರ್ ಎರಡು ಹೆಸರು ತೋರಿಸಿದರೆ ಒಂದು 2.4, ಇನ್ನೊಂದು 5 ಗಿಗಾಹರ್ಟ್ಸ್. 2.4 ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ಅಕ್ಕಪಕ್ಕದ ಮನೆಯ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಅಲ್ಲೇ ನೂಕಾಡುತ್ತವೆ. 5 ವೇಗ, ಆದರೆ ಎರಡು ಗೋಡೆ ದಾಟಿದರೆ ಸುಸ್ತು. ಟಿವಿ ಅದೇ ಕೋಣೆಯಲ್ಲಿದ್ದರೆ 5, ದೂರವಿದ್ದರೆ 2.4. ಹಳೇ ತೊಟ್ಟಿ ಮನೆ, ಮಣ್ಣಿನ ದಪ್ಪ ಗೋಡೆ ಇದ್ದರೆ ಒದ್ದಾಡಬೇಡಿ, ರೌಟರಿನಿಂದ ಟಿವಿಗೆ ಒಂದು ಲ್ಯಾನ್ ವೈರ್ ಎಳೆಸಿ. ನೂರು ಮೀಟರ್‌ವರೆಗೆ ಅದಕ್ಕೆ ಚಿಂತೆಯಿಲ್ಲ.

ಟಿವಿ ಸ್ಮಾರ್ಟ್ ಅಲ್ಲದಿದ್ದರೆ ಹಿಂದೆ ಎಚ್‌ಡಿಎಂಐ ತೂತು ಇದೆಯಾ ನೋಡಿ. ಇದ್ದರೆ ಆ್ಯಪ್‌ಗಳನ್ನು ಓಡಿಸುವ, ಪೆನ್‌ಡ್ರೈವ್‌ನಂಥ ಒಂದು ಸ್ಟಿಕ್ ಚುಚ್ಚಿದರೆ ಆಯಿತು, ಹೊಸ ಟಿವಿ ಬೇಡ. ಸ್ಮಾರ್ಟ್ ಟಿವಿ ನಾಲ್ಕೈದು ವರ್ಷಕ್ಕೆ ಆಮೆಯಾದಾಗಲೂ ಇದೇ ಮದ್ದು. ಒಳಗಿನ ಜಾಗ ತುಂಬಿ, ಹೊಸ ಆ್ಯಪ್‌ಗಳ ಜೊತೆ ಏಗಲಾರದೆ ಹಾಗಾಗಿರುತ್ತದೆ, ಪರದೆ ಚೆನ್ನಾಗೇ ಇರುತ್ತದೆ. ಸ್ಟಿಕ್‌ನ ವೈರನ್ನು ಮಾತ್ರ ಟಿವಿಯ ಯುಎಸ್‌ಬಿಗೆ ಚುಚ್ಚಬೇಡಿ. ಅಲ್ಲಿ ಬರುವ ಕರೆಂಟ್ ಬಹಳ ಸಲ ಸಾಲುವುದಿಲ್ಲ, ಸ್ಟಿಕ್ ನಡುನಡುವೆ ತಾನೇ ಆಫ್ ಆಗಿ ಆನ್ ಆಗುತ್ತದೆ. ಅದರ ಜೊತೆ ಬಂದ ಅಡಾಪ್ಟರ್‌ಗೇ ಹಾಕಿ.

ಎರಡು ರಿಮೋಟ್ ಗೋಳು ಎಲ್ಲರ ಮನೆಯದು. ಟಿವಿಯ ಸೆಟ್ಟಿಂಗ್‌ನಲ್ಲಿ ಎಚ್‌ಡಿಎಂಐ-ಸಿಇಸಿ ಅಂತ ಒಂದು ಇರುತ್ತದೆ, ಕಂಪನಿಗೊಂದು ಹೆಸರು ಇಟ್ಟಿರುತ್ತಾರೆ. ಅದನ್ನು ಆನ್ ಮಾಡಿದರೆ ಸ್ಟಿಕ್‌ನ ರಿಮೋಟೇ ಟಿವಿಯನ್ನೂ ಆನ್ ಆಫ್ ಮಾಡುತ್ತದೆ, ಸೌಂಡೂ ಅದರಲ್ಲೇ. ಜಾಹೀರಾತು ಬಂದ ತಕ್ಷಣ ಕಿವಿಗೆ ಬಡಿಯುವ ಸದ್ದಿಗೂ ಅಲ್ಲೇ 'ಆಟೋ ವಾಲ್ಯೂಮ್' ಹುಡುಕಿ.

ಈಗ ಮುಖ್ಯವಾದ್ದು. ಗೋಡೆ ಮೇಲಿನ ನೆಟ್ ಬಾಕ್ಸ್‌ನ ದೀಪಗಳನ್ನು ಓದಲು ಕಲಿಯಿರಿ, ಕೇಬಲ್ ಹುಡುಗನ ಕೆಲಸ ಈಗ ನಮ್ಮದಲ್ವಾ. 'ಎಲ್‌ಓಎಸ್' ದೀಪ ಕೆಂಪಗೆ ಉರಿದರೆ ಬೆಳಕೇ ಬರುತ್ತಿಲ್ಲ, ಎಳೆ ಎಲ್ಲೋ ತುಂಡಾಗಿದೆ ಅಥವಾ ಮಡಿಚಿಕೊಂಡಿದೆ. ಹತ್ತು ಸಲ ಆಫ್ ಆನ್ ಮಾಡಿದರೂ ಪ್ರಯೋಜನವಿಲ್ಲ, ಕಂಪನಿಗೆ ಫೋನ್ ಮಾಡಿ. ಕೆಂಪು ಇಲ್ಲ, ಮೊಬೈಲ್‌ನಲ್ಲಿ ಅದೇ ವೈಫೈ ಚೆನ್ನಾಗಿ ನಡೆಯುತ್ತಿದೆ, ಟಿವಿ ಮಾತ್ರ ಸುತ್ತುತ್ತಿದೆ ಅಂದರೆ ತೊಂದರೆ ಟಿವಿಯದು ಅಥವಾ ಆ್ಯಪ್‌ನದು. ಆಗ ಆಫ್ ಆನ್ ಕೆಲಸ ಮಾಡುತ್ತದೆ. ಒಂದು ಸಲ ನಮಗೆ ಕೆಂಪು ದೀಪ ಬಂತು, ಹೊರಗೆಲ್ಲ ಸರಿಯಿತ್ತು. ನೋಡಿದರೆ ಅಟ್ಟದ ಮೇಲೆ ಇಲಿ ವೈರ್ ಕಡಿದು ಹಾಕಿತ್ತು. ಫೈಬರ್ ವೈರನ್ನು ಮೊಳೆಗೆ ಸುತ್ತಿ ಚೂಪಾಗಿ ಮಡಿಚಬೇಡಿ, ಬಿಚ್ಚಿದ ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ. ಅಲ್ಲಿನ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಒಳ್ಳೆಯದಲ್ಲ.

ಕರೆಂಟ್ ಹೋದರೆ? ನೆಟ್ ಬಾಕ್ಸ್ ಸಾಮಾನ್ಯವಾಗಿ 12 ವೋಲ್ಟ್‌ನದು, ತಿನ್ನುವುದು ಕಡಿಮೆ. ಅದಕ್ಕೇ ಅಂತ ಅಂಗೈಯಗಲದ ಮಿನಿ ಯುಪಿಎಸ್ ಸಿಗುತ್ತದೆ, ಕೆಲವು ಗಂಟೆ ನಡೆಸುತ್ತದೆ. ಟಿವಿ ಮನೆಯ ಯುಪಿಎಸ್ ಮೇಲಿರಬೇಕು ಅಷ್ಟೇ.

ಮಲೆನಾಡಿನ ಕಡೆಯವರಿಗೆ

ಹಾಸನ, ಚಿಕ್ಕಮಗಳೂರು ಪಟ್ಟಣದ ಮಾತು ಬೇರೆ, ಕಳಸ, ಕೊಪ್ಪ, ಸಕಲೇಶಪುರದ ಒಳಗಿನ ತೋಟಗಳ ಮಾತು ಬೇರೆ. ಫೈಬರ್‌ಗೆ ತುಕ್ಕಿಲ್ಲ ಅಂದೆ, ಆದರೆ ಸಿಲ್ವರ್ ಓಕ್ ಮರ ಬಿದ್ದರೆ ಕೇಬಲ್ ಆದರೇನು ಫೈಬರ್ ಆದರೇನು. ಫೈಬರ್ ತುಂಡಾದರೆ ಹಲ್ಲಿನಲ್ಲಿ ಸುಲಿದು ಕಟ್ಟಲು ಆಗುವುದಿಲ್ಲ, ಎರಡು ತುದಿಯನ್ನು ಯಂತ್ರದಲ್ಲಿ ಕರಗಿಸಿ ಬೆಸೆಯಬೇಕು. ಯಂತ್ರ ಇರುವವನು ಬರುವವರೆಗೆ ಕಾಯಬೇಕು.

ಫೈಬರ್ ಬರದ ಕಡೆ 5ಜಿ ಟವರಿನಿಂದ ಗಾಳಿಯಲ್ಲೇ ನೆಟ್ ಕೊಡುವ ಏರ್‌ಫೈಬರ್ ಇದೆ. ತಾರಸಿ ಮೇಲೆ ಒಂದು ಡಬ್ಬಿ ಕೂರಿಸುತ್ತಾರೆ. ಟವರ್ ಹತ್ತಿರವಿದ್ದು ನಡುವೆ ಗುಡ್ಡ, ದಟ್ಟ ಮರ ಇಲ್ಲದಿದ್ದರೆ ಚೆನ್ನಾಗಿದೆ. ಅಕ್ಕನ ಮನೆಗೆ ಭಾವ ಅದನ್ನು ಹಾಕಿಸಲು ಹೋಗಿದ್ದರು. ಬಂದ ಹುಡುಗ ತಾರಸಿ ಹತ್ತಿ ನಾಲ್ಕೂ ಕಡೆ ಮೊಬೈಲ್ ಹಿಡಿದು ನೋಡಿ, "ಆ ಗುಡ್ಡ ಅಡ್ಡ ಬರ್ತಿದೆ ಸಾರ್" ಅಂತ ಇಳಿದು ಹೋದ. ಗುಡ್ಡ ಸರಿಸುವ ಪ್ಲಾನ್ ಯಾವ ಕಂಪನಿಯಲ್ಲೂ ಇಲ್ಲ. ಅಲ್ಲಿ ಈಗಲೂ ಛತ್ರಿಯೇ. ಜೋರು ಮಳೆಗೆ ಹೋಗುತ್ತದೆ, ನಿಂತ ಮೇಲೆ ತಾನೇ ಬರುತ್ತದೆ, ಯಾರಿಗೂ ಫೋನ್ ಮಾಡಬೇಕಾಗಿಲ್ಲ. ಮಂಗಗಳು ಬಂದು ಛತ್ರಿ ಮೇಲೆ ಕೂತು ಅದರ ದಿಕ್ಕು ತಪ್ಪಿಸಿದಾಗ ಮಾತ್ರ ಭಾವ ಏಣಿ ಹಾಕುತ್ತಾರೆ.

ಬದಲಾಯಿಸುವಾಗ

ನೆಟ್ ಹಾಕಿಸಿದ ದಿನವೇ ಕೇಬಲ್ ಕಿತ್ತುಹಾಕಬೇಡಿ. ಒಂದು ತಿಂಗಳು ಎರಡೂ ಇರಲಿ. ಮನೆಯಲ್ಲಿ ಯಾರು ಏನು ನೋಡುತ್ತಾರೆ, ಯಾವ ಚಾನೆಲ್ ಯಾವ ಆ್ಯಪ್‌ನಲ್ಲಿ ಸಿಗಲಿಲ್ಲ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ನಮ್ಮ ಚೀಟಿಯಲ್ಲಿ ಕೊನೆಗೆ ಉಳಿದದ್ದು ಒಂದೇ, ಬೆಳಗ್ಗೆ ಅಮ್ಮ ನೋಡುವ ಭಕ್ತಿ ಚಾನೆಲ್, ಅದೂ ಯೂಟ್ಯೂಬ್‌ನಲ್ಲಿ ಸಿಕ್ಕಿತು. ಹೊಸ ಸಂಪರ್ಕ ಕೊಡುವವರನ್ನು ಕೇಳುವಾಗ ಸ್ಪೀಡ್ ಎಷ್ಟು ಅನ್ನುವುದಕ್ಕಿಂತ, ವೈರ್ ತುಂಡಾದರೆ ಎಷ್ಟು ದಿನಕ್ಕೆ ಬರುತ್ತೀರಿ ಅಂತ ಕೇಳಿ. ಉತ್ತರ ಅವರಿಂದ ಬೇಡ, ಅದೇ ಬೀದಿಯಲ್ಲಿ ಅವರ ನೆಟ್ ಇರುವ ಮನೆಯವರಿಂದ ತಗೊಳ್ಳಿ.

ಬಾಕ್ಸ್ ಬಾಡಿಗೆಯದಾದರೆ ವಾಪಸ್ ಕೊಡಬೇಕು. ಡೆಪಾಸಿಟ್ ಕಟ್ಟಿದ್ದರೆ ಕೇಳಿ ತಗೊಳ್ಳಿ. ಅಡಾಪ್ಟರ್, ರಿಮೋಟ್ ಸಮೇತ ಕೊಟ್ಟು, ಕೊಟ್ಟದ್ದಕ್ಕೆ ಒಂದು ರಸೀದಿ ಬರೆಸಿಕೊಳ್ಳಿ. ನಮ್ಮ ಬಾಕ್ಸ್ ಇನ್ನೂ ವಾಪಸ್ ಹೋಗಿಲ್ಲ. ರಿಮೋಟ್ ಸಿಕ್ಕಿಲ್ಲ, ಅಮ್ಮ ಎಲ್ಲೋ ಎತ್ತಿಟ್ಟಿದ್ದಾರೆ, ಕೇಳಿದರೆ ಗೊತ್ತಿಲ್ಲ ಅನ್ನುತ್ತಾರೆ.